ರಂಗಶಂಕರವೋ, ಕಲಾಕ್ಷೇತ್ರವೋ?

ಬೆಂಗಳೂರಿನಲ್ಲಿ ಮೊದಲ ಸಲ ನಾಟಕ ನೋಡಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಇದು. ಎರಡೂ ನನಗೆ ಇಷ್ಟ. ಆದರೆ ಎರಡರ ಗುಣ ಬೇರೆ ಬೇರೆ.

ಜೆ.ಪಿ. ನಗರದ ರಂಗಶಂಕರ ಶುರುವಾಗಿದ್ದು 2004ರಲ್ಲಿ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಹಟ ಹಿಡಿದು ಕಟ್ಟಿಸಿದ ಜಾಗ. ಸುಮಾರು 300 ಸೀಟು, ಅಷ್ಟೇ. ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮೂರು ಕಡೆಯಿಂದ ಕೂತು ನೋಡುತ್ತೇವೆ. ನಟರ ಉಸಿರು, ಪಿಸುಮಾತು ಎಲ್ಲ ಕೇಳುತ್ತದೆ. ಟಿಕೆಟ್ ಕೊಳ್ಳಬೇಕು. ತಡವಾಗಿ ಬಂದರೆ ಒಳಗೆ ಬಿಡುವುದಿಲ್ಲ, ಯಾರೇ ಆಗಿರಲಿ. ನಾಟಕಕ್ಕೆ ಸಿಗಬೇಕಾದ ಮರ್ಯಾದೆ ಅದು, ಅಲ್ವಾ? ಬೇರೆ ಬೇರೆ ಭಾಷೆಯ ನಾಟಕಗಳೂ ಇಲ್ಲಿ ಜಾಸ್ತಿ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಸರ್ಕಾರದ್ದು. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ, 1963ರಲ್ಲಿ ತೆರೆದರು. ದೊಡ್ಡ ಸಭಾಂಗಣ. ಹಿಂದಿನ ಸಾಲಿನಲ್ಲಿ ಕೂತರೆ ನಟರ ಮುಖಭಾವ ಸರಿಯಾಗಿ ಕಾಣುವುದಿಲ್ಲ, ಬೇಗ ಹೋಗಿ ಮುಂದೆ ಕೂರಿ. ಆದರೆ ಯಕ್ಷಗಾನ, ನೃತ್ಯ, ಜಾನಪದ, ಪುಸ್ತಕ ಬಿಡುಗಡೆ, ಎಲ್ಲಕ್ಕೂ ಜಾಗ ಕೊಡುವ ಮನೆ ಅದು. ಎಷ್ಟೋ ಕಾರ್ಯಕ್ರಮಗಳಿಗೆ ಪ್ರವೇಶ ಉಚಿತ. ಹಿಂಭಾಗದಲ್ಲಿ ಸಂಸ ಬಯಲು ರಂಗಮಂದಿರವಿದೆ. ಆಕಾಶದ ಕೆಳಗೆ, ಮೆಟ್ಟಿಲ ಮೇಲೆ ಕೂತು ನಾಟಕ ನೋಡುವ ಸುಖವೇ ಬೇರೆ.

ನಾಟಕವೊಂದನ್ನೇ ಗಮನವಿಟ್ಟು ನೋಡಬೇಕಾ? ರಂಗಶಂಕರಕ್ಕೆ ಹೋಗಿ. ಮನೆಮಂದಿಯೆಲ್ಲ ಹೊರಟಿದ್ದೀರಾ, ಖರ್ಚು ಕಡಿಮೆ ಇರಬೇಕಾ? ಕಲಾಕ್ಷೇತ್ರದಲ್ಲಿ ಆ ದಿನ ಏನಿದೆ ಅಂತ ಮೊದಲು ವಿಚಾರಿಸಿ.