ಪೆಗ್ಲೆಕ್ ಪುಡಿ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಆ 2 ಲೀಟರನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಡಿ

ಕೊಲೊನೋಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮುಂಚೆ ಹೊಟ್ಟೆ ಕ್ಲೀನ್ ಮಾಡುವ ಈ ಪುಡಿಯನ್ನು ಎರಡು ಸಲ ಕುಡಿದಿದ್ದೇನೆ. ಮೊದಲನೇ ಸಲ ತುಂಬಾ ಒದ್ದಾಡಿದೆ, ಎರಡನೇ ಸಲ ಆರಾಮಾಗಿ ಮುಗಿಯಿತು. ಪುಡಿ ಅದೇ.

137.15 ಗ್ರಾಂ ಪ್ಯಾಕೆಟ್ಟನ್ನು 2 ಲೀಟರ್ ನೀರಿಗೆ ಕಲಸಬೇಕು. ಇದರಲ್ಲಿರುವ ಪಾಲಿಎಥಿಲೀನ್ ಗ್ಲೈಕಾಲ್ ನೀರನ್ನು ಹಿಡಿದಿಟ್ಟುಕೊಂಡು ಕರುಳು ತೊಳೆದು ಹಾಗೇ ಹೊರಗೆ ಹೋಗುತ್ತದೆ. ಅಂದ್ರೆ ಕುಡಿದ ಆ ನೀರು ಮೈಗೆ ಹತ್ತುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ‘ಪುಡಿ ಕುಡಿದು ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂತಷ್ಟೇ ಇತ್ತು, 2 ಲೀಟರ್ ಕುಡಿದೆನಲ್ಲ ಸಾಕು ಅಂದುಕೊಂಡು ಬೇರೇನೂ ಕುಡಿಯಲಿಲ್ಲ. ಬೆಳಗಿನ ಜಾವ ಬಾತ್‌ರೂಮಿನಿಂದ ಬರುವಾಗ ಕಣ್ಣು ಕತ್ತಲೆ ಬಂತು, ಆಮೇಲೆ ಡ್ರಿಪ್ ಹಾಕಲು ನರ ಸಿಗದೆ ಮೂರು ಕಡೆ ಚುಚ್ಚಿದರು. ಒಂದು ಸಾಲು ಜಾಸ್ತಿ ಬರೆದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ, ಅಲ್ವಾ?

ಎರಡನೇ ಸಲ ಬೇರೆ ಡಾಕ್ಟರು ಕೂರಿಸಿಕೊಂಡು ಹೇಳಿದರು. ಅರ್ಧ ಹಿಂದಿನ ಸಂಜೆ, ಅರ್ಧ ಬೆಳಗ್ಗೆ ಬೇಗ ಎದ್ದು. ನಡುನಡುವೆ ಎಳನೀರು, ಉಪ್ಪು ಸಕ್ಕರೆ ಹಾಕಿ ಸೋಸಿದ ನಿಂಬೆ ಪಾನಕ, ಬೇಳೆ ಇಲ್ಲದ ತಿಳಿಸಾರು, ಹಾಲಿಲ್ಲದ ಟೀ, ಓಆರ್‌ಎಸ್. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬಾರದಂತೆ, ರಕ್ತದಲ್ಲಿ ಸೋಡಿಯಂ ಇಳಿದುಬಿಡಬಹುದು. ಮಜ್ಜಿಗೆ ಬೇಡ. ಬೀಟ್‌ರೂಟ್, ಕೋಕಂ ತರಹದ ಕೆಂಪು ಬಣ್ಣದ್ದೂ ಬೇಡ, ಒಳಗೆ ನೋಡುವಾಗ ರಕ್ತದ ಹಾಗೆ ಕಾಣುತ್ತದೆ. ಪರೀಕ್ಷೆಗೆ ಎಷ್ಟು ಗಂಟೆ ಮುಂಚೆ ಎಲ್ಲ ನಿಲ್ಲಿಸಬೇಕು ಅಂತ ಮಾತ್ರ ನಿಮ್ಮ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ.

ರುಚಿ ಉಪ್ಪುಪ್ಪು, ಸ್ವಲ್ಪ ಲೋಳೆ, ಅದಕ್ಕೇ 5ಕ್ಕೆ 4 ಅಂಕ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟ ಒಂದೇ ಸಲಕ್ಕೆ ಕುಡಿದುಬಿಡಿ, ಗುಟುಕರಿಸುತ್ತಾ ಕೂತರೆ ವಾಕರಿಕೆ ಬರುತ್ತದೆ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನ ಹಾಗಿದ್ದರೆ ಹೊಟ್ಟೆ ಕ್ಲೀನ್ ಆಗಿದೆ ಅಂತ ಅರ್ಥ.

ಮನೆಯಲ್ಲಿ ವಯಸ್ಸಾದವರಿಗೆ ಮಾಡಿಸುವುದಿದ್ದರೆ ರಾತ್ರಿ ಯಾರಾದರೂ ಜೊತೆಯಲ್ಲಿರಿ. ಕಿಡ್ನಿ, ಹೃದಯದ ತೊಂದರೆ ಇರುವವರು, ಶುಗರ್ ಮಾತ್ರೆ ಅಥವಾ ಮೂತ್ರ ಹೋಗುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಯಾವ ಪುಡಿ, ಎಷ್ಟು ನೀರು, ಎಳನೀರು ಕುಡಿಯಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿ. ಹೊಟ್ಟೆ ಕ್ಲೀನ್ ಮಾಡಲು ಕುಡಿಯುವ, ಫಾಸ್ಫೇಟ್ ಇರುವ ಔಷಧಿಗಳು ಕಿಡ್ನಿಗೆ ಪೆಟ್ಟು ಕೊಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಸಿದೆ. ಹಾಗಾಗಿ ಅಂಗಡಿಯವರು ಕೊಟ್ಟದ್ದನ್ನು ಸುಮ್ನೆ ತರಬೇಡಿ.