ರೋಟರ್ ಬ್ಲೇಡಿನ ಕ್ಲೇಮು: ಅಂಕಿ ಹಾಕಬೇಕಾ, ವಾದಿಸಬೇಕಾ?

ಹುಬ್ಬಳ್ಳಿ ಗೋಕುಲ ರಸ್ತೆಯ ಗೆಳೆಯರೊಬ್ಬರು ಕೇಳಿದ್ದಾರೆ. ಅವರ ಹೆಲಿಕಾಪ್ಟರ್ ರೋಟರ್ ಬ್ಲೇಡಿನ ಪೇಟೆಂಟ್ ಅರ್ಜಿಗೆ ‘ಕ್ಲೇಮು ಸ್ಪಷ್ಟವಿಲ್ಲ’ ಎಂಬ ಆಕ್ಷೇಪ ಬಂದಿದೆ. ಕ್ಲೇಮು ಅಂದ್ರೆ ಯಾವುದಕ್ಕೆ ರಕ್ಷಣೆ ಬೇಕು ಅಂತ ಅರ್ಜಿಯಲ್ಲಿ ಹೇಳುವ ವಾಕ್ಯ. ತಕರಾರು ‘ತುದಿ ಸಾಕಷ್ಟು ಹಿಂದಕ್ಕೆ ಬಾಗಿದೆ’ ಎಂಬ ಮಾತಿನ ಮೇಲೆ. ಕೋನದ ಅಂಕಿ ಹಾಕಿ ತಿದ್ದಬೇಕಾ, ಮಾತು ಹಾಗೇ ಇಟ್ಟು ವಾದಿಸಬೇಕಾ ಅನ್ನೋದು ಅವರ ಪ್ರಶ್ನೆ.

ಸ್ಪಷ್ಟತೆ ನೋಡಿದರೆ ಅಂಕಿಯೇ ಮೇಲು. ‘ಸಾಕಷ್ಟು’ ಅಂದ್ರೆ 10 ಡಿಗ್ರಿಯೋ, 30 ಡಿಗ್ರಿಯೋ? ಯಾವ ಗೆರೆಯಿಂದ ಅಳೆಯಬೇಕು ಅನ್ನೋದನ್ನೂ ಬರೆಯಬೇಕು, ಇಲ್ಲದಿದ್ದರೆ ಅಂಕಿಯೂ ಸುಮ್ನೆ. ಆದರೆ ರಕ್ಷಣೆ ಕಿರಿದಾಗುತ್ತದೆ. 20ರಿಂದ 30 ಅಂತ ಬರೆದರೆ, 33ರಲ್ಲಿ ಮಾಡಿದವನು ಜಾರಿಕೊಳ್ಳಬಹುದು. ಮೇಲಾಗಿ, ಮೂಲ ಅರ್ಜಿಯಲ್ಲಿ ಇಲ್ಲದ ಅಂಕಿಯನ್ನು ಈಗ ತುರುಕುವಂತಿಲ್ಲ. ಪೇಟೆಂಟ್ ಕಾಯ್ದೆಯ 59ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ.

ವಾದಿಸಿದರೆ ಕ್ಲೇಮಿನ ಅಗಲ ಉಳಿಯಬಹುದು, ವಕೀಲರ ಖರ್ಚು ಮಾತ್ರ ಜಾಸ್ತಿ. ವಿಚಾರಣೆ ವಿಡಿಯೊದಲ್ಲೇ ನಡೆಯುವುದರಿಂದ ಚೆನ್ನೈ ಪೇಟೆಂಟ್ ಕಚೇರಿಗೆ ಓಡಾಟ ತಪ್ಪುತ್ತದೆ. ತಿದ್ದಿದರೂ ವಾದಿಸಿದರೂ ಆಕ್ಷೇಪಕ್ಕೆ ಉತ್ತರ ಕೊಡಲು 6 ತಿಂಗಳೇ. ಶುಲ್ಕ ಕಟ್ಟಿದರೆ ಇನ್ನೂ 3.

ಮಾಡೋದು ಒಂದೇ ಆಕಾರ, ಕೋನ ಅರ್ಜಿಯಲ್ಲೇ ಇದೆ ಅಂದ್ರೆ ತಿದ್ದಿಬಿಡಿ. ಹಲವು ಆಕಾರಗಳಿದ್ದು, ‘ಸಾಕಷ್ಟು’ ಎಂದರೇನು ಅಂತ ವಿವರಣೆಯಲ್ಲಿ ಮೊದಲೇ ಹೇಳಿದ್ದರೆ ವಾದಿಸಿ. ಜೊತೆಗೆ, ವಾದ ನಿಲ್ಲದಿದ್ದರೆ ಇರಲಿ ಅಂತ ಅಂಕಿಯ ಕ್ಲೇಮೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ.