35, 50, 65: ಏರೋ ಚಕ್ರಗಳಲ್ಲಿ ನನಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ. ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿಗೆ, ಒಂದೇ ಒಂದು ಜೊತೆ ಏರೋ ಚಕ್ರ (ಗಾಳಿಯ ತಡೆ ತಗ್ಗಿಸಲು ರಿಮ್ಮನ್ನು ಆಳವಾಗಿ ಮಾಡಿದ ಚಕ್ರ) ಕೊಳ್ಳುವುದಾದರೆ 45ರಿಂದ 50 ಮಿಲಿಮೀಟರ್ ಆಳದ, ಅಗಲವಾದ ರಿಮ್ ತಗೊಳ್ಳಿ. ಆಳ ಅಂದರೆ ರಿಮ್ಮಿನ ಹೊರ ಅಂಚಿನಿಂದ ಕಡ್ಡಿಗಳು ಸೇರುವ ಒಳ ಅಂಚಿನವರೆಗಿನ ಅಳತೆ. 65 ನೋಡೋಕೆ ಚೆಂದ. ವೇಗ ಏರಿದಾಗ ಅದು ಹೊರಡಿಸುವ ‘ವುಂ’ ಅನ್ನುವ ಸದ್ದು ಇನ್ನೂ ಚೆಂದ. ಆದರೆ ಅಡ್ಡಗಾಳಿಯ ರಸ್ತೆಯಲ್ಲಿ ಅದು ನನಗೆ ಕೊಟ್ಟಿದ್ದಕ್ಕಿಂತ ಕಿತ್ತುಕೊಂಡಿದ್ದೇ ಜಾಸ್ತಿ.

ನಾನು ಹೋಲಿಸಿದ್ದು ನಾಲ್ಕು ಜೊತೆ. ಒಂದು, ಬೈಕಿನ ಜೊತೆಗೇ ಬಂದಿದ್ದ ಅಲ್ಯೂಮಿನಿಯಂ ಚಕ್ರ. ಅದರ ರಿಮ್ ಆಳ 25 ಮಿ.ಮೀ. ಉಳಿದವು ಕಾರ್ಬನ್: 35, 50 ಮತ್ತು 65. ಕೊನೆಗೆ ಮುಂದೆ 50, ಹಿಂದೆ 65 ಹಾಕಿ ಬೆರಕೆ ಜೋಡಿಯನ್ನೂ ಓಡಿಸಿದೆ. ಎಲ್ಲವೂ ಡಿಸ್ಕ್ ಬ್ರೇಕಿನವು. ಎಲ್ಲದಕ್ಕೂ ಒಂದೇ ಮಾದರಿಯ 28 ಮಿ.ಮೀ. ಅಗಲದ ಟೈರು, ಒಂದೇ ಥರದ ಟ್ಯೂಬು, ಒಂದೇ ಪ್ರೆಶರ್. ಟೈರ್ ಬದಲಾದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಒಳ್ಳೆಯ ರೇಸ್ ಟೈರಿಗೂ ದಪ್ಪ ಮೈಯ ಸಾಧಾರಣ ಟೈರಿಗೂ ತುಳಿಯಬೇಕಾದ ಶಕ್ತಿಯಲ್ಲಿ ಜೊತೆಯೊಂದಕ್ಕೆ 10 ವ್ಯಾಟ್ ದಾಟಿದ ವ್ಯತ್ಯಾಸ ಇರಬಹುದು. ನಮ್ಮಂಥವರ ವೇಗದಲ್ಲಿ ಯಾವ ರಿಮ್ಮೂ ಅಷ್ಟು ಉಳಿಸಿಕೊಡುವುದಿಲ್ಲ. ಹಾಗಾಗಿ ಬೈಕಿನ ಜೊತೆ ಬಂದ ಟೈರಲ್ಲೇ ಇನ್ನೂ ಓಡುತ್ತಿದ್ದರೆ ಮೊದಲು ಟೈರ್ ಬದಲಿಸಿ. ಚಕ್ರದ ಮಾತು ಆಮೇಲೆ.

ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಇಟ್ಟುಕೊಂಡೇ ಓಡಿಸಿದೆ. ಆದರೂ ‘ಇದು ಅದಕ್ಕಿಂತ 4 ವ್ಯಾಟ್ ಉತ್ತಮ’ ಅಂತ ನಾನು ಬರೆಯುವುದಿಲ್ಲ. ಒಳ್ಳೆಯ ಮೀಟರೇ 1ರಿಂದ 2 ಪ್ರತಿಶತ ಆಚೀಚೆ ತೋರಿಸುತ್ತದೆ. 200 ವ್ಯಾಟ್‌ಗೆ ಅದೇ 2ರಿಂದ 4 ವ್ಯಾಟ್ ಆಯಿತು. ಗಾಳಿ ದಿಕ್ಕು ಸ್ವಲ್ಪ ತಿರುಗಿದರೂ, ಜರ್ಸಿಯ ಜಿಪ್ ಅರ್ಧ ಇಳಿಸಿದರೂ ಆ ಲೆಕ್ಕ ಮುಳುಗಿಹೋಗುತ್ತದೆ. ರಸ್ತೆಯಲ್ಲಿ ನಿಜವಾಗಿ ತಿಳಿಯುವುದು ಬೇರೆ ವಿಷಯಗಳು: ಕೈ ಎಷ್ಟು ಬಿಗಿಯಾಗುತ್ತದೆ, ಡ್ರಾಪ್ಸ್ (ಹ್ಯಾಂಡಲಿನ ಕೆಳಕ್ಕೆ ಬಾಗಿದ ಭಾಗ) ಹಿಡಿದು ಎಷ್ಟು ಹೊತ್ತು ಬಗ್ಗಿ ಕೂರಬಹುದು, ಇಳಿಜಾರಿನಲ್ಲಿ ಬ್ರೇಕಿಗೆ ಎಷ್ಟು ಸಲ ಬೆರಳು ಹೋಗುತ್ತದೆ.

ಕಂಪನಿಗಳು ಕೊಡುವ ವ್ಯಾಟ್ ಲೆಕ್ಕ ಸುಳ್ಳಲ್ಲ. ಆದರೆ ಅದರ ಪಕ್ಕ ಚಿಕ್ಕ ಅಕ್ಷರದಲ್ಲಿ ಒಂದು ವೇಗ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 45 ಕಿ.ಮೀ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. 45ರಲ್ಲಿ 10 ವ್ಯಾಟ್ ಉಳಿಸುವ ಚಕ್ರ 30ರಲ್ಲಿ ಉಳಿಸುವುದು ಬರೀ 3 ವ್ಯಾಟ್. ಇಷ್ಟಕ್ಕೇ ‘ನಿಧಾನ ಓಡಿಸುವವರಿಗೆ ಏರೋ ದಂಡ’ ಅನ್ನುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ನಿಧಾನ ಹೋಗುವವರು ಅದೇ ದೂರಕ್ಕೆ ಜಾಸ್ತಿ ಹೊತ್ತು ರಸ್ತೆಯಲ್ಲಿರುತ್ತಾರೆ, ತುಳಿಯುವ ವ್ಯಾಟ್ ಕೂಡ ಕಡಿಮೆ. ಲೆಕ್ಕ ಹಾಕಿ ನೋಡಿದೆ. ಸಪಾಟು ರಸ್ತೆಯಲ್ಲಿ 40 ಕಿ.ಮೀ.ಗೆ 45ರ ವೇಗದವರಿಗೂ 30ರ ವೇಗದವರಿಗೂ ಉಳಿಯುವ ಸಮಯ ಹೆಚ್ಚುಕಡಿಮೆ ಅರ್ಧ ನಿಮಿಷವೇ. ಆ ಅರ್ಧ ನಿಮಿಷ ನಿಮಗೆ ಬೇಕಾ ಅನ್ನುವುದು ಬೇರೆ ಪ್ರಶ್ನೆ.

ನಿಧಾನ ಓಡಿಸುವವರಿಗೆ ನಿಜವಾದ ತೊಂದರೆ ಇರುವುದು ಗಾಳಿ ಬಂದು ತಾಗುವ ಕೋನದಲ್ಲಿ. ಪಕ್ಕದಿಂದ ಗಂಟೆಗೆ 10 ಕಿ.ಮೀ. ಗಾಳಿ ಬೀಸುತ್ತಿದೆ ಅಂದುಕೊಳ್ಳಿ. 45ರಲ್ಲಿ ಓಡುವವರ ಚಕ್ರಕ್ಕೆ ಅದು ಸುಮಾರು 12 ಡಿಗ್ರಿ ಓರೆಯಲ್ಲಿ ಬಂದು ತಾಗುತ್ತದೆ. 30ರಲ್ಲಿ ಓಡುವವರಿಗೆ 18 ಡಿಗ್ರಿ. ಸ್ವಲ್ಪ ಓರೆ ಇದ್ದರೆ ಆಳದ ರಿಮ್‌ಗೆ ಲಾಭ, ಹಾಯಿಯಂತೆ ಕೆಲಸ ಮಾಡಿ ತಡೆಯನ್ನು ಇಳಿಸುತ್ತದೆ. ಓರೆ ಒಂದು ಮಟ್ಟ ದಾಟಿದರೆ ಗಾಳಿ ರಿಮ್‌ಗೆ ಅಂಟಿಕೊಂಡು ಹರಿಯುವುದಿಲ್ಲ, ಥಟ್ಟನೆ ಬಿಟ್ಟುಕೊಳ್ಳುತ್ತದೆ. ಆಗ ಲಾಭ ಹೋಗುತ್ತದೆ, ಹ್ಯಾಂಡಲ್ ಕೂಡ ಅಲ್ಲಾಡುತ್ತದೆ. ಅಂದರೆ ವೃತ್ತಿಪರರ ಕಾಲ ಕೆಳಗೆ ತಣ್ಣಗಿರುವ ಚಕ್ರ ನಮ್ಮ ವೇಗದಲ್ಲಿ ಜಾಸ್ತಿ ತಂಟೆ ಮಾಡಬಹುದು.

ಈಗ ಒಂದೊಂದಾಗಿ. ಅಲ್ಯೂಮಿನಿಯಂ ಚಕ್ರದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಗುಂಡಿಗೆ ಬಿದ್ದರೆ ರಿಮ್ ಸೊಟ್ಟಗಾಗುತ್ತದೆ, ಸಣ್ಣಪುಟ್ಟದಾದರೆ ನೇರ ಮಾಡಿಸಬಹುದು. ಎಂಥ ಗಾಳಿಗೂ ಜಗ್ಗುವುದಿಲ್ಲ. ಸಪಾಟಿನಲ್ಲಿ ವೇಗ ಹಿಡಿದಿಟ್ಟುಕೊಳ್ಳಲು ಸ್ವಲ್ಪ ಹೆಚ್ಚು ತುಳಿಯಬೇಕು ಅನ್ನಿಸುತ್ತದೆ, ಅಷ್ಟೇ. 35ರ ಕಾರ್ಬನ್ ಹಗುರ. ಎದ್ದು ನಿಂತು ತುಳಿದಾಗ ಚುರುಕು. ಆದರೆ ಏರೋ ಅಂತ ಅದನ್ನು ಕೊಂಡರೆ ನಿರಾಸೆಯೇ. ಕಣ್ಣಿಗೆ ಬಟ್ಟೆ ಕಟ್ಟಿ ಎರಡನ್ನೂ ಓಡಿಸಿದ್ದರೆ ಸಪಾಟು ರಸ್ತೆಯಲ್ಲಿ ಯಾವುದು ಯಾವುದು ಅಂತ ನಾನು ಹೇಳುತ್ತಿರಲಿಲ್ಲ. (ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸಬೇಡಿ ಮತ್ತೆ.) ಬರೀ ಘಟ್ಟ ಹತ್ತುವವರಿಗೆ, ಮೈಭಾರ ಕಡಿಮೆ ಇದ್ದು ಗಾಳಿಗೆ ಹೆದರುವವರಿಗೆ ಇದು ಸರಿ.

50ರಲ್ಲಿ ಬದಲಾವಣೆ ಗೊತ್ತಾಗುತ್ತದೆ. ಗಂಟೆಗೆ 32, 33 ದಾಟಿದ ಮೇಲೆ ತುಳಿಯುವುದನ್ನು ಒಂದು ಕ್ಷಣ ನಿಲ್ಲಿಸಿದರೂ ವೇಗ ಕೂಡಲೇ ಇಳಿಯುವುದಿಲ್ಲ. ಗುಂಪಿನಲ್ಲಿ ಓಡುವಾಗ ಮುಂದಿನವರ ಚಕ್ರಕ್ಕೆ ತೀರಾ ಹತ್ತಿರ ಬಂದು ಬ್ರೇಕ್ ಮುಟ್ಟಬೇಕಾದ ಸಂದರ್ಭ ಹೆಚ್ಚಾಯಿತು. ಅಡ್ಡಗಾಳಿ ಬಂದಾಗ ಮುಂದಿನ ಚಕ್ರ ನಿಧಾನಕ್ಕೆ ಒರಗುತ್ತದೆ, ಮೊದಲೇ ಸೂಚನೆ ಕೊಟ್ಟು ಒರಗಿದ ಹಾಗೆ. ಎದುರು ಒರಗಿ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಕೆಲವು ಸವಾರಿ ಆದಮೇಲೆ ಅದು ಅಭ್ಯಾಸವಾಗಿ ಗಮನಕ್ಕೇ ಬರುವುದಿಲ್ಲ.

65ರ ಕಥೆ ಬೇರೆ. ಗಾಳಿ ಇಲ್ಲದ ಮುಂಜಾವಿನಲ್ಲಿ, ನೇರ ರಸ್ತೆಯಲ್ಲಿ, ಅದಕ್ಕೆ ಸಾಟಿಯಿಲ್ಲ. ಮರಗಳ ಸಾಲು ಮುಗಿದು ಬಯಲು ಶುರುವಾಗುವ ಜಾಗಕ್ಕೆ ಬನ್ನಿ. ಡ್ರಾಪ್ಸ್ ಹಿಡಿದು ಬಗ್ಗಿದ್ದೀರಿ. ಎದುರಿನಿಂದ ಲಾರಿ ಬರುತ್ತದೆ. ಅದು ಪಕ್ಕಕ್ಕೆ ಬಂದ ಕ್ಷಣ ಅಡ್ಡಗಾಳಿ ಪೂರ್ತಿ ನಿಲ್ಲುತ್ತದೆ. ನೀವು ಗಾಳಿಗೆ ಎದುರಾಗಿ ಒರಗಿದ್ದವರು ಲಾರಿಯ ಕಡೆಗೇ ವಾಲುತ್ತೀರಿ. ಲಾರಿ ದಾಟುತ್ತಿದ್ದಂತೆ ನಿಂತಿದ್ದ ಗಾಳಿ ಒಟ್ಟಿಗೇ ಬಂದು ಬಡಿಯುತ್ತದೆ. ಯಾರೋ ಹ್ಯಾಂಡಲ್‌ನ ಒಂದು ತುದಿ ಹಿಡಿದು ಜಗ್ಗಿದಂತೆ ಮುಂದಿನ ಚಕ್ರ ರಸ್ತೆಯಂಚಿನ ಕಡೆ ಹಾರುತ್ತದೆ. ಇದೆಲ್ಲ ಒಂದು ಉಸಿರಿನೊಳಗೆ. ಬೀಳಲಿಲ್ಲ. ಆದರೆ ಅದಾದ ಮೇಲೆ ದೂರದಲ್ಲಿ ಲಾರಿ ಕಂಡರೆ ಸಾಕು, ಕೈ ತಾನಾಗಿ ಡ್ರಾಪ್ಸ್ ಬಿಟ್ಟು ಮೇಲಿನ ಬ್ರೇಕ್ ಹಿಡಿಕೆಗಳಿಗೆ, ಅಂದರೆ ಹುಡ್ಸ್‌ಗೆ ಬರುತ್ತಿತ್ತು. ಬೆನ್ನು ನೆಟ್ಟಗಾಗುತ್ತಿತ್ತು.

65ಕ್ಕೆ ನಾನು ಕಡಿಮೆ ಅಂಕ ಕೊಡುವುದು ಇಲ್ಲೇ. ಸಪಾಟಿನಲ್ಲಿ 30ರ ವೇಗಕ್ಕೆ ನಾವು ಹಾಕುವ ಶಕ್ತಿಯ ಮುಕ್ಕಾಲು ಪಾಲು ಗಾಳಿಗೇ ಹೋಗುತ್ತದೆ. ಆ ಗಾಳಿ ತಡೆಯಲ್ಲಿ ದೊಡ್ಡ ಪಾಲು ಸವಾರರ ಮೈಯದ್ದು, ಚಕ್ರದ್ದಲ್ಲ. 35ರ ವೇಗದಲ್ಲಿ ಬಗ್ಗಿ ಕೂತವರು ನೆಟ್ಟಗಾದರೆ 20 ವ್ಯಾಟ್ ಸುಲಭವಾಗಿ ಹೋಗುತ್ತದೆ. 50ರಿಂದ 65ಕ್ಕೆ ಹೋದರೆ ಸಿಗುವುದು ಅದರ ಸಣ್ಣ ತುಣುಕು. ಹೆದರಿಕೆಯಿಂದ ಎದ್ದು ಕೂರುವಂತೆ ಮಾಡುವ ಚಕ್ರ ಗಾಳಿ ಸುರಂಗದಲ್ಲಿ ಎಷ್ಟು ಗೆದ್ದರೇನು, ಅಲ್ವಾ?

1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ನೆನಪಿಗೆ ಬರುತ್ತದೆ. 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಸಮಯದ ವಿರುದ್ಧ ಓಡುವ ಸ್ಪರ್ಧೆ. ಮುನ್ನಡೆಯಲ್ಲಿದ್ದ ಲೊರಾಂ ಫಿನ್ಯೋ ಹಿಂದೆ ಮುಂದೆ ಎರಡೂ ಕಡೆ ಡಿಸ್ಕ್ ಚಕ್ರ (ಕಡ್ಡಿ ಕಾಣದಂತೆ ತಟ್ಟೆಯ ಹಾಗೆ ಮುಚ್ಚಿದ ಚಕ್ರ) ಹಾಕಿದ್ದ. ಹೆಲ್ಮೆಟ್ ಇಲ್ಲ, ಜುಟ್ಟು ಹಾರುತ್ತಿತ್ತು. ಗ್ರೆಗ್ ಲೆಮಾಂಡ್ ಹಿಂದೆ ಮಾತ್ರ ಡಿಸ್ಕ್ ಹಾಕಿ, ಮುಂದೆ ಕಡ್ಡಿಯ ಚಕ್ರ ಇಟ್ಟುಕೊಂಡು, ಮುಂಗೈ ಊರುವ ಏರೋ ಬಾರ್ ಮೇಲೆ ಮೈ ಮಡಚಿ ಕೂತಿದ್ದ. 50 ಸೆಕೆಂಡ್ ಹಿಂದಿದ್ದವನು 8 ಸೆಕೆಂಡ್ ಅಂತರದಲ್ಲಿ ಟೂರ್ ಗೆದ್ದ. ಫಿನ್ಯೋಗೆ ಸೀಟಿನ ಹುಣ್ಣಿನ ಕಾಟ ಬೇರೆ ಇತ್ತು ಅನ್ನುವುದೂ ನಿಜ. ಆದರೂ ಚಕ್ರಕ್ಕಿಂತ ಮೈ ದೊಡ್ಡದು ಅಂತ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಬೆರಕೆ ಜೋಡಿ ನನಗೆ ಅಚ್ಚರಿ ತಂದಿತು. ಹ್ಯಾಂಡಲನ್ನು ತಿರುಗಿಸುವುದು ಮುಂದಿನ ಚಕ್ರಕ್ಕೆ ಬೀಳುವ ಗಾಳಿ. ಹಿಂದಿನ ಚಕ್ರಕ್ಕೆ ಬಿದ್ದರೆ ಬೈಕ್ ಪೂರ್ತಿ ಸ್ವಲ್ಪ ಪಕ್ಕಕ್ಕೆ ತಳ್ಳಿದಂತಾಗುತ್ತದೆ, ಕೈಗೆ ಏನೂ ಆಗುವುದಿಲ್ಲ. ಮುಂದೆ 50, ಹಿಂದೆ 65 ಹಾಕಿದಾಗ ಬರೀ 50ರಷ್ಟೇ ನೆಮ್ಮದಿ. ಆದರೆ ಒಂದು ಮಾತು: ಹೊಸ ಗಾಳಿಗೆ ಮೊದಲು ಎದುರಾಗುವುದು ಮುಂದಿನ ಚಕ್ರ, ಹಿಂದಿನದು ಫ್ರೇಮಿನ ಮರೆಯಲ್ಲಿರುತ್ತದೆ. ಹಾಗಾಗಿ ಲಾಭದ ದೊಡ್ಡ ಪಾಲು ಮುಂದಿನದರಲ್ಲೇ. ಹಿಂದೆ 65 ಹಾಕಲು ಒಂದು ಕಾರಣ ಬೇಕೆಂದರೆ, ಬೈಕ್ ಗೋಡೆಗೆ ಒರಗಿಸಿದಾಗ ಚೆನ್ನಾಗಿ ಕಾಣುತ್ತದೆ. ನನಗೆ ಅಷ್ಟು ಸಾಕಾಯಿತು. ಅಂದಹಾಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2026ರಿಂದ ಗುಂಪು ರೇಸುಗಳಲ್ಲಿ ರಿಮ್ ಆಳಕ್ಕೆ 65 ಮಿ.ಮೀ. ಮಿತಿ ಹಾಕಿದೆ. ರೇಸಿಗೆ ಇಳಿಯುವವರು 80ರ ಆಸೆ ಬಿಡಬಹುದು.

ತೂಕದ ಬಗ್ಗೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ‘ತಿರುಗುವ ತೂಕ ಎರಡರಷ್ಟು’ ಅನ್ನುವ ಮಾತು ವೇಗ ಏರಿಸುವಾಗ ಮಾತ್ರ ನಿಜ, ಅದೂ ರಿಮ್, ಟೈರುಗಳಂತೆ ಅಂಚಿನಲ್ಲಿರುವ ತೂಕಕ್ಕೆ. ಒಂದೇ ವೇಗದಲ್ಲಿ ಘಟ್ಟ ಹತ್ತುವಾಗ ಚಕ್ರದ 300 ಗ್ರಾಮೂ ಬಾಟಲಿಯ 300 ಗ್ರಾಮೂ ಒಂದೇ. ಬೈಕ್ ಸೇರಿ 80 ಕಿಲೋ ಇರುವವರಿಗೆ ಒಂದು ಗಂಟೆಯ ಕಡಿದಾದ ಏರಿನಲ್ಲಿ ಅದರಿಂದ ಉಳಿಯುವುದು ಸುಮಾರು 13 ಸೆಕೆಂಡ್. 50ಕ್ಕೂ 35ಕ್ಕೂ ತೂಕದ ವ್ಯತ್ಯಾಸ ಈ 300 ಗ್ರಾಮಿನ ಅರ್ಧವೂ ಇರಲಿಲ್ಲ.

ಆಳದಷ್ಟೇ ಮುಖ್ಯವಾದದ್ದು ಆಕಾರ ಮತ್ತು ಅಗಲ. ಚಕ್ರದ ಮುಂದಿನ ಅರ್ಧದಲ್ಲಿ ಗಾಳಿ ಮೊದಲು ಟೈರಿಗೆ ತಾಗುತ್ತದೆ. ಹಿಂದಿನ ಅರ್ಧದಲ್ಲಿ ಮೊದಲು ತಾಗುವುದು ರಿಮ್‌ನ ಒಳ ಅಂಚು, ಕಡ್ಡಿಗಳು ಸೇರುವ ಕಡೆ. ಹಳೆಯ ರಿಮ್‌ಗಳಲ್ಲಿ ಆ ಅಂಚು ಚೂಪಾಗಿತ್ತು, ಅಡ್ಡಗಾಳಿಗೆ ಕೆಟ್ಟದಾಗಿ ಎಳೆಯುತ್ತಿತ್ತು. ಈಗಿನವು ಅಲ್ಲಿ ದುಂಡಗಿವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಚೂಪು ಅಂಚಿನ 50, ಇವತ್ತಿನ ದುಂಡು ಅಂಚಿನ 60ಕ್ಕಿಂತ ಜಾಸ್ತಿ ಕಾಡಬಹುದು. ಅಗಲಕ್ಕೆ ‘105ರ ನಿಯಮ’ ಅಂತ ಒಂದಿದೆ, ಚಕ್ರ ತಯಾರಿಸುವ ಜಿಪ್ ಕಂಪನಿಯಲ್ಲಿದ್ದ ಜೋಶ್ ಪೋರ್ಟ್ನರ್ ಜನಪ್ರಿಯ ಮಾಡಿದ್ದು. ರಿಮ್‌ನ ಹೊರ ಅಗಲ ಟೈರಿನ ಅಗಲಕ್ಕಿಂತ ಕನಿಷ್ಠ 5 ಪ್ರತಿಶತ ಜಾಸ್ತಿ ಇರಬೇಕು. ಟೈರಿನ ಮೇಲೆ ಬರೆದದ್ದನ್ನು ನಂಬಬೇಡಿ. ಗಾಳಿ ತುಂಬಿಸಿ ಅಳೆದರೆ ಅಗಲ ರಿಮ್‌ನ ಮೇಲೆ 28 ಅನ್ನುವುದು 29, 30 ಆಗಿರುತ್ತದೆ. ಅದಕ್ಕೆ 31ರ ಹತ್ತಿರದ ರಿಮ್ ಬೇಕು. ಕಿರಿದಾದ ರಿಮ್ ಮೇಲೆ ಉಬ್ಬಿದ ಟೈರ್ ಹಾಕಿದರೆ ಆಳಕ್ಕೆ ಕೊಟ್ಟ ದುಡ್ಡು ಅರ್ಧ ವ್ಯರ್ಥ.

ಜೊತೆಗೆ ಬಾಳುವಾಗ ಗೊತ್ತಾಗುವ ಸಂಗತಿಗಳು ಕೆಲವಿವೆ. 65ಕ್ಕೆ ಮಾಮೂಲಿ ವಾಲ್ವ್ ಸಾಲುವುದಿಲ್ಲ, 80 ಮಿ.ಮೀ. ಬೇಕು. ಇಲ್ಲದಿದ್ದರೆ ವಾಲ್ವನ್ನು ಉದ್ದ ಮಾಡುವ ಎಕ್ಸ್‌ಟೆಂಡರ್ ಹಾಕಬೇಕು. ಅದರ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತದಿದ್ದರೆ ರಾತ್ರಿ ತುಂಬಿಸಿದ ಗಾಳಿ ಬೆಳಿಗ್ಗೆ ಇರುವುದಿಲ್ಲ. ದಾರಿಯಲ್ಲಿ ಪಂಕ್ಚರ್ ಆದರೆ ಜೊತೆಯವರ ಟ್ಯೂಬ್ ನಿಮಗೆ ಆಗಿಬರುವುದಿಲ್ಲ. ರಿಮ್ ಬ್ರೇಕ್ ಇರುವ ಬೈಕಿಗಾದರೆ ನಾನು ಕಾರ್ಬನ್ ರಿಮ್ ಬೇಡ ಅನ್ನುತ್ತೇನೆ. ಮಳೆಯಲ್ಲಿ ಬ್ರೇಕ್ ತಡವಾಗಿ ಹಿಡಿಯುತ್ತದೆ, ಉದ್ದದ ಇಳಿಜಾರಿನಲ್ಲಿ ಬಿಸಿಯಾಗಿ ರಿಮ್ ಕೆಡುವ ಭಯ ಇರುತ್ತದೆ.

ಕೊಳ್ಳುವ ಮುಂಚೆ ರಿಮ್ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಟೈರ್ ಕಚ್ಚಿಕೊಳ್ಳುವ ಕೊಕ್ಕೆ ಇಲ್ಲದಿದ್ದರೆ ಅದು ಹುಕ್‌ಲೆಸ್. ಅದರಲ್ಲಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟುವಂತಿಲ್ಲ, ಹುಕ್‌ಲೆಸ್‌ಗೆ ಒಪ್ಪಿಗೆ ಇರುವ ಟೈರನ್ನೇ ಹಾಕಬೇಕು. ಮೈಭಾರ ಜಾಸ್ತಿ ಇದ್ದು ಪ್ರೆಶರ್ ಜಾಸ್ತಿ ಬೇಕಾದವರು ಕೊಕ್ಕೆ ಇರುವುದನ್ನೇ ಆರಿಸಿಕೊಳ್ಳಿ. ಕಡ್ಡಿಯ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು) ಹೊರಗೆ ಕಾಣುತ್ತದಾ ಅಂತಲೂ ನೋಡಿ. ಒಳಗೆ ಅಡಗಿದ್ದರೆ ಚಕ್ರ ಚೂರು ಅಲುಗಿದರೂ ಟೈರ್, ಅದರಡಿಯ ರಿಮ್ ಟೇಪ್ ಎರಡನ್ನೂ ಬಿಚ್ಚಿಯೇ ನೇರ ಮಾಡಬೇಕು.